ಸೊಂಟದ ಸುರಿಗೆ, ಮುಚ್ಚಿದ ಪಿಸ್ತೂಲು: ಗುತ್ತಲ ಸೀಮೆಯಲ್ಲಿ ಆಯುಧ ಧರಿಸುವ ಪದ್ಧತಿ

ಜನ ನೆರೆಯುವ ಜಾಗಕ್ಕೆ ಆಯುಧ ಕಟ್ಟಿಕೊಂಡು ಹೋಗಬಹುದೇ, ಹೋಗಬಹುದಾದರೆ ಅದನ್ನು ನಾಲ್ವರಿಗೆ ಕಾಣುವಂತೆ ಇಟ್ಟುಕೊಳ್ಳಬೇಕೇ ಅಥವಾ ಬಟ್ಟೆಯೊಳಗೆ ಮುಚ್ಚಿಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಪೊಲೀಸ್ ಕಾಯಿದೆಗೆ ಸೇರಿದ ಸಣ್ಣ ವಿವರದಂತೆ ಕಾಣುತ್ತದೆ; ಆದರೆ ಒಂದು ಸೀಮೆಯಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು, ಕಾಯುವ ಹೊಣೆ ಯಾರ ಮೇಲಿತ್ತು, ಆಳುವವರು ತಮ್ಮ ಪ್ರಜೆಗಳನ್ನು ಎಷ್ಟರಮಟ್ಟಿಗೆ ನಂಬಿದ್ದರು ಎಂಬುದನ್ನೆಲ್ಲ ಆ ಪ್ರಶ್ನೆಗೆ ಆಯಾ ಕಾಲ ಕೊಟ್ಟ ಉತ್ತರದಿಂದಲೇ ತಿಳಿಯಬಹುದು. ತುಂಗಭದ್ರೆ ಮತ್ತು ವರದಾ ನದಿಗಳ ನಡುವಿನ ಗುತ್ತಲ ಸೀಮೆ, ಅಂದರೆ ಇಂದಿನ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳಿಗೆ ಹರಡಿಕೊಂಡಿರುವ ಕಪ್ಪು ನೆಲದ ಈ ನಾಡು, ಸುಮಾರು ಒಂಬತ್ತು ಶತಮಾನಗಳ ಅವಧಿಯಲ್ಲಿ ಇದಕ್ಕೆ ಮೂರು ಬೇರೆಬೇರೆ ಉತ್ತರಗಳನ್ನು ಕಂಡಿದೆ. ಮೊದಲಿಗೆ ಆಯುಧವೆಂದರೆ ಎಲ್ಲರೆದುರು ತೋರಿಸಿ ಧರಿಸುವ ಗೌರವವಾಗಿತ್ತು, ಬ್ರಿಟಿಷರ ಕಾಲದಲ್ಲಿ ಅದು ಸರ್ಕಾರ ಕಾಗದದ ಮೇಲೆ ಕೊಡುವ ಅನುಮತಿಯಾಯಿತು, ಇಂದಿನ ಕಾನೂನಿನಲ್ಲಿ ಅದು ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಪೂರ್ತಿ ಮುಚ್ಚಿಡಬೇಕಾದ ವಸ್ತುವಾಗಿದೆ.

ಗುತ್ತಲಕ್ಕೆ ಆ ಹೆಸರು ಬಂದದ್ದು ಇಲ್ಲಿಂದ ಆಳಿದ ಗುತ್ತ ಅರಸರಿಂದ. ಶಾಸನಗಳಲ್ಲಿ ಗುತ್ತವೊಳಲ್ ಎಂದು ಬರುವ ಈ ಪಟ್ಟಣವನ್ನು ರಾಜಧಾನಿ ಮಾಡಿಕೊಂಡಿದ್ದ ಗುತ್ತರು ಮಹಾಮಂಡಳೇಶ್ವರರಾಗಿದ್ದರು, ಎಂದರೆ ಚಕ್ರವರ್ತಿಯ ಕೆಳಗೆ ಒಂದು ಪ್ರಾಂತ್ಯವನ್ನು ಆಳುವ ಸಾಮಂತರಾಗಿದ್ದರು. ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಅವರು ಕ್ರಮವಾಗಿ ಕಲ್ಯಾಣದ ಚಾಲುಕ್ಯರಿಗೆ, ಕಳಚುರಿಗಳಿಗೆ, ಆಮೇಲೆ ಸೇವುಣರಿಗೆ ನಡೆದುಕೊಂಡರು. ತಾವು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡು ಉಜ್ಜಯಿನೀಪುರವರಾಧೀಶ್ವರ ಎಂಬ ಬಿರುದನ್ನು ಇಟ್ಟುಕೊಂಡಿದ್ದ ಈ ಮನೆತನದ ಕಥೆಯನ್ನು ತಿಳಿಯಲು ತುಂಗಭದ್ರೆಯ ದಡದ ಚೌಡದಾನಪುರದಲ್ಲಿರುವ ಮುಕ್ತೇಶ್ವರ ದೇವಾಲಯದ ಶಾಸನಗಳು ಮುಖ್ಯ ಆಧಾರಗಳಾಗಿವೆ. ಸಾಮಂತನ ಬಲವೆಂದರೆ ಅವನ ಊರುಗಳಲ್ಲಿ ಆಯುಧ ಹಿಡಿಯಬಲ್ಲ ಕೈಗಳ ಸಂಖ್ಯೆಯೇ ಆಗಿದ್ದ ಕಾಲವದು. ಖಾಯಂ ಸೈನ್ಯಕ್ಕಿಂತ ಹೆಚ್ಚಾಗಿ ಹೊಲ ಉಳುವ, ದನ ಕಾಯುವ ಜನರೇ ಕರೆ ಬಂದಾಗ ಯೋಧರಾಗುತ್ತಿದ್ದುದರಿಂದ, ಮನೆಯಲ್ಲಿ ಆಯುಧ ಇರುವುದು ಮನೆಯಲ್ಲಿ ನೇಗಿಲು ಇರುವಷ್ಟೇ ಸಹಜವಾಗಿತ್ತು.

ಆ ಜನರ ಹೆಸರನ್ನು ರಾಜರ ಪ್ರಶಸ್ತಿಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರು ಸಿಗುವುದು ವೀರಗಲ್ಲುಗಳಲ್ಲಿ. ವೀರಗಲ್ಲು ಎಂದರೆ ಊರಿನ ದನಗಳನ್ನು ಅಟ್ಟಿಕೊಂಡು ಹೋಗುವವರ ವಿರುದ್ಧ, ಹೆಂಗಸರ ಮಾನ ಕಳೆಯಲು ಬಂದವರ ವಿರುದ್ಧ ಅಥವಾ ಒಡೆಯನ ಪರವಾಗಿ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಲ್ಲಿ ಕೆತ್ತಲಾಗುವ ಇಂಥ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತ ವೀರ ಇರುತ್ತಾರೆ. ಕೆಳಗಿನ ಪಟ್ಟಿಕೆಯನ್ನು ಹತ್ತಿರದಿಂದ ನೋಡಿದರೆ, ಬಿಲ್ಲು ಎಳೆದವನ ಅಥವಾ ಕತ್ತಿ ಗುರಾಣಿ ಹಿಡಿದವನ ಸೊಂಟಪಟ್ಟಿಯಲ್ಲಿ ಓರೆಯಾಗಿ ಸಿಕ್ಕಿಸಿದ ಒಂದು ಗಿಡ್ಡ ಆಯುಧ ಎಷ್ಟೋ ಕಲ್ಲುಗಳಲ್ಲಿ ಕಾಣುತ್ತದೆ. ಅದೇ ಸುರಿಗೆ, ಅಂದರೆ ಎರಡು ಅಂಚಿನ ಕಿರುಗತ್ತಿ. ಬಾಣ ತೀರಿ ಕತ್ತಿ ಮುರಿದು ಎದುರಾಳಿ ಮೈಮೇಲೆ ಬಿದ್ದಾಗ ಉಳಿಯುವ ಕೊನೆಯ ಆಸರೆ. ಇಂದಿನ ಪಿಸ್ತೂಲು ಮಾಡುವ ಕೆಲಸವನ್ನು ಅಂದು ಮಾಡುತ್ತಿದ್ದುದು ಈ ಆಯುಧವೇ. ಗಮನಿಸಬೇಕಾದ ಸಂಗತಿಯೆಂದರೆ ಶಿಲ್ಪಿ ಅದನ್ನು ಎಂದೂ ಮರೆಮಾಡಿಲ್ಲ. ಒಂದು ಗೇಣಿನಷ್ಟು ಜಾಗದಲ್ಲಿ ಆಳನ್ನು ಕೆತ್ತಬೇಕಾದಾಗಲೂ ಸುರಿಗೆಯ ಹಿಡಿಯನ್ನು ಸೊಂಟದ ಮೇಲೆ ಎದ್ದು ಕಾಣುವಂತೆ ಬಿಟ್ಟಿದ್ದಾನೆ. ಆಯುಧವನ್ನು ಕಾಣುವಂತೆ ಧರಿಸುವುದು ಬೆದರಿಕೆಯಾಗಿರದೆ, ಊರಿನ ಎದುರು ಒಪ್ಪಿಕೊಂಡ ಹೊಣೆಯ ಗುರುತಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಆ ಹೊಣೆಗೆ ಪ್ರತಿಫಲವೂ ಇತ್ತು. ಕಾಳಗದಲ್ಲಿ ಮಡಿದವನ ಕುಟುಂಬಕ್ಕೆ ಊರು ಅಥವಾ ಅರಸು ಬಿಟ್ಟುಕೊಡುತ್ತಿದ್ದ ಭೂಮಿಯನ್ನು ನೆತ್ತರುಗೊಡಗೆ ಎಂದು ಕರೆಯುತ್ತಿದ್ದರು, ರಕ್ತಕ್ಕೆ ಬದಲಾಗಿ ಕೊಟ್ಟ ಮಾನ್ಯ ಎಂಬುದು ಆ ಮಾತಿನ ಅರ್ಥ.

ಆಯುಧಗಳ ಪ್ರದರ್ಶನಕ್ಕೆಂದೇ ಜನ ಸೇರುವ ವ್ಯವಸ್ಥೆಯೂ ಆ ಕಾಲಕ್ಕೆ ಹೊಸದಲ್ಲ. ಗುತ್ತರ ಒಡೆಯರಾಗಿದ್ದ ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಅರಸನ ವಿನೋದಗಳನ್ನು ಎಣಿಸುವಾಗ ಶಸ್ತ್ರವಿನೋದವನ್ನು ಮೊದಲಿಗೇ ಇಡುತ್ತದೆ; ಸಭೆ ಸೇರಿಸಿ, ಅರಸನು ತಾನೇ ಬಗೆಬಗೆಯ ಆಯುಧಗಳಲ್ಲಿ ತನ್ನ ಪರಿಣತಿಯನ್ನು ತೋರಿಸುವುದು ಆ ವಿನೋದದ ತಿರುಳು. ಅದೇ ಗ್ರಂಥದ ಅಂಕವಿನೋದದಲ್ಲಿ ಅಂಕಕಾರರೆಂಬ ವೃತ್ತಿಯ ಯೋಧರು ಇಬ್ಬಿಬ್ಬರಾಗಿ ಸೆಣಸುವ ವಿವರಣೆಯಿದೆ. ವಿಜಯನಗರದ ಕಾಲದಲ್ಲಿ ಈ ಸಂಪ್ರದಾಯ ಮಹಾನವಮಿಯ ಉತ್ಸವವಾಗಿ ಬೆಳೆಯಿತು. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹಬ್ಬದ ಕೊನೆಯಲ್ಲಿ ನಡೆದ ಸೈನ್ಯದ ಪರಿಶೀಲನೆಯನ್ನು ಬಣ್ಣಿಸುತ್ತ, ಸಾಲುಸಾಲಾಗಿ ನಿಂತ ಆಯುಧಧಾರಿಗಳ ಬಗ್ಗೆ ಎಷ್ಟು ಬೆರಗಿನಿಂದ ಬರೆಯುತ್ತಾನೋ, ಅರಸನಿರುವ ಆವರಣದ ಬಾಗಿಲುಗಳಲ್ಲಿ ಅಪ್ಪಣೆಯಿಲ್ಲದ ಯಾರನ್ನೂ ಒಳಬಿಡದೆ ತಡೆಯುತ್ತಿದ್ದ ಕಾವಲುಗಾರರ ಬಗ್ಗೆಯೂ ಅಷ್ಟೇ ಗಮನವಿಟ್ಟು ಬರೆಯುತ್ತಾನೆ. ಎಲ್ಲರ ಕೈಯಲ್ಲೂ ಆಯುಧವಿರುವ ಜಾಗದಲ್ಲಿ ಬಾಗಿಲು ಕಾಯುವುದೇ ದೊಡ್ಡ ಕೆಲಸ ಎಂಬುದನ್ನು ಆ ಕಾಲದವರೂ ಅರಿತಿದ್ದರು.

ಬಚ್ಚಿಟ್ಟ ಆಯುಧದ ಕುರಿತ ಭಾವನೆ ಇದಕ್ಕೆ ವಿರುದ್ಧವಾಗಿತ್ತು. ಕನ್ನಡದಲ್ಲಿ ಗುಪ್ತಿ ಎಂಬ ಆಯುಧವಿದೆ. ನೋಡಲು ಊರುಗೋಲಿನಂತಿದ್ದು, ಹಿಡಿಯನ್ನು ತಿರುಗಿಸಿ ಎಳೆದರೆ ಒಳಗಿನಿಂದ ಉದ್ದನೆಯ ಅಲಗು ಹೊರಬರುವ ಈ ಆಯುಧಕ್ಕೆ ಮರೆ ಎಂಬ ಅರ್ಥದ ಮಾತೇ ಹೆಸರಾಗಿದೆ. ಬಾಕು ಎಂಬ ಕಿರುಗತ್ತಿಯೂ ಸೆರಗಿನಲ್ಲೋ ರುಮಾಲಿನಲ್ಲೋ ಅಡಗಬಲ್ಲದ್ದಾದ್ದರಿಂದ ಜನಪದ ಕಥೆಗಳಲ್ಲಿ ವಂಚನೆಯ ಕೊಲೆಗೆ ಬಳಕೆಯಾಗುವುದು ಬಾಕುವೇ ಹೊರತು ಕತ್ತಿಯಲ್ಲ. ವೀರನ ಕೈಯಲ್ಲಿ ಕತ್ತಿ, ಕೊಲೆಗಡುಕನ ಕಂಕುಳಲ್ಲಿ ಬಾಕು ಎಂಬ ಈ ವಿಭಜನೆ ಜನಮಾನಸದಲ್ಲಿ ಎಷ್ಟು ಆಳವಾಗಿತ್ತೆಂದರೆ, ಬೆನ್ನಿಗೆ ಚೂರಿ ಹಾಕುವುದು ಎಂಬ ನುಡಿಗಟ್ಟು ಇಂದಿಗೂ ನಂಬಿಕೆದ್ರೋಹಕ್ಕೆ ಪರ್ಯಾಯವಾಗಿ ಬಳಕೆಯಲ್ಲಿದೆ.

ಮದ್ದಿನ ಆಯುಧಗಳು ಈ ನಾಡಿಗೆ ಬಂದ ದಾರಿಯನ್ನು ಅವುಗಳ ಹೆಸರುಗಳೇ ಹೇಳುತ್ತವೆ. ತುಪಾಕಿ ಮತ್ತು ತಮಂಚ ಎಂಬ ಮಾತುಗಳ ಮೂಲ ತುರ್ಕಿ ಭಾಷೆಯಲ್ಲಿದೆ, ಕಾಡತೂಸು ಪೋರ್ಚುಗೀಸರಿಂದ ಬಂದದ್ದು, ಬಂದೂಕು ಅರಬ್ಬಿ ಪಾರಸಿಗಳ ಮೂಲಕ ಬಂದದ್ದು, ಕೋವಿ ಮಾತ್ರ ಕೊಳವೆ ಎಂಬ ಅರ್ಥದ ನಮ್ಮದೇ ಮಾತು. 1520ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಕೋವಿಗಾರರು ಹೋರಾಡಿದ ನಂತರದ ಒಂದೆರಡು ಶತಮಾನಗಳಲ್ಲಿ ಕೋವಿ ಅರಸರ ಸೈನ್ಯದಿಂದ ದೇಸಾಯಿಗಳ ವಾಡೆಗಳಿಗೂ, ಅಲ್ಲಿಂದ ಊರಿನ ಕಾವಲುಗಾರರ ಕೈಗೂ ಇಳಿಯಿತು. ಕೈಯಲ್ಲಿ ಹಿಡಿಯುವ ಸಣ್ಣ ಕೋವಿಯಾದ ತಮಂಚ ಮಾತ್ರ ಬಹುಕಾಲ ಕುದುರೆ ಸವಾರರ ಮತ್ತು ಸಿರಿವಂತರ ಸೊತ್ತಾಗಿಯೇ ಉಳಿಯಿತು. ಇದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ: ನಳಿಕೆಯ ಬಾಯಿಂದ ಅಳತೆಯ ಮದ್ದು ಸುರಿದು, ಚಿಂದಿಯನ್ನು ತುರುಕಿ, ಗಜದಿಂದ ಜಡಿದು, ಗುಂಡು ಹಾಕಿ ಮತ್ತೆ ಜಡಿದು, ಕೊನೆಗೆ ಕಿಡಿ ತಾಗಿಸುವ ವ್ಯವಸ್ಥೆಯನ್ನು ಸಿದ್ಧಪಡಿಸಿಕೊಳ್ಳಬೇಕಾದ ಆಯುಧ ಒಂದು ಸಲಕ್ಕೆ ಒಂದೇ ಗುಂಡು ಹಾರಿಸುತ್ತಿತ್ತು, ಮದ್ದು ತೇವವಾದರೆ ಅದೂ ಇಲ್ಲ. ಇಂಥದ್ದನ್ನು ಉಡುಪಿನೊಳಗೆ ಅಡಗಿಸಿಕೊಂಡು ಸಂತೆಗೆ ಹೋಗುವುದರಲ್ಲಿ ಅಪಾಯ ಹೊತ್ತವನಿಗೇ ಹೆಚ್ಚು. ಒಂದರ ಹಿಂದೊಂದು ಗುಂಡು ಹಾರಿಸಬಲ್ಲ, ತಿರುಗುವ ಉರುಳೆಯ ರಿವಾಲ್ವರಿಗೆ 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಹಕ್ಕುಪತ್ರ ಪಡೆದು, ಅನಂತರ ಕಾಡತೂಸು ಬಳಕೆಗೆ ಬಂದ ಮೇಲಷ್ಟೇ ಜೇಬಿನಲ್ಲಿ ಅಡಗುವ ಕೋವಿ ಎಂಬ ಕಲ್ಪನೆ ಜಗತ್ತಿನಲ್ಲಿ ವಾಸ್ತವವಾಯಿತು.

ಬ್ರಿಟಿಷರು ಈ ಸೀಮೆಗೆ ಕಾಲಿಟ್ಟಾಗ ಇಲ್ಲಿನ ಊರುಗಳಲ್ಲಿ ಆಯುಧ ಹಿಡಿಯುವ ಒಂದು ದೊಡ್ಡ ವರ್ಗವೇ ಇತ್ತು. ತಳವಾರರು, ವಾಲೀಕಾರರು, ಶೇತಸನದಿಗಳು ಎಂಬ ಹೆಸರುಗಳಲ್ಲಿ ಅವರನ್ನು ಕರೆಯುತ್ತಿದ್ದರು. ಶೇತಸನದಿ ಎಂದರೆ ಊರಿನ ಕಾವಲು ಮತ್ತು ಸರ್ಕಾರದ ಚಾಕರಿಗೆ ಪ್ರತಿಯಾಗಿ ಸನದಿನ ಮೂಲಕ ಹೊಲ ಪಡೆದವನು. 1817 ಮತ್ತು 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಪೇಶ್ವೆಯ ವಶದಲ್ಲಿದ್ದ ಧಾರವಾಡ ಪ್ರಾಂತ್ಯವನ್ನು ಗೆದ್ದಾಗ ಅವನ ಬಳಿ ಹೇಳಿಕೊಳ್ಳುವಂಥ ದೊಡ್ಡ ಸೈನ್ಯವಿರಲಿಲ್ಲ. ಅವನು ನೆಚ್ಚಿಕೊಂಡದ್ದು ಊರೂರುಗಳಿಂದ ಕೂಡಿಸಿದ ಆಯುಧಧಾರಿ ಜವಾನರನ್ನು, ಅವರನ್ನು ಮುನ್ನಡೆಸಿದ ರಾಮರಾಯನಂಥ ದೇಶೀ ಅಧಿಕಾರಿಗಳನ್ನು. ಜನರ ಕೈಯಲ್ಲಿದ್ದ ಆಯುಧದ ಬಲದಿಂದಲೇ ಈ ಪ್ರಾಂತ್ಯವನ್ನು ಪಡೆದ ಕಂಪನಿ ಸರ್ಕಾರ ನಲವತ್ತು ವರ್ಷ ತುಂಬುವುದರೊಳಗೆ ಅದೇ ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟಿತು. ಇದನ್ನು ಕೃತಘ್ನತೆ ಎಂದು ಕರೆದರೆ ಇತಿಹಾಸಕಾರನ ಮಾತು ಮಿತಿಮೀರಿತೆಂದು ಯಾರೂ ಹೇಳಲಾರರು. ಅದಕ್ಕೆ ಮೊದಲೇ ಸಂಗೊಳ್ಳಿ ರಾಯಣ್ಣನ ದಂಗೆ ಒಂದು ಸೂಚನೆ ಕೊಟ್ಟಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಆ ವೀರನೂ ಒಬ್ಬ ಶೇತಸನದಿಯೇ, ಕೈಯ ಆಯುಧಕ್ಕೂ ಕಾಲ ಕೆಳಗಿನ ಹೊಲಕ್ಕೂ ಇದ್ದ ನಂಟು ಕಡಿದಾಗ ಸಿಡಿದೆದ್ದವನೇ.

ಉತ್ತರ ಭಾರತದಲ್ಲಿ ಸಿಪಾಯಿಗಳ ಬಂಡಾಯ ನಡೆಯುತ್ತಿದ್ದಾಗ, 1857ರ ಸೆಪ್ಟೆಂಬರಿನಲ್ಲಿ, ಕಂಪನಿ ಸರ್ಕಾರ ಆಯುಧಗಳನ್ನು ನೋಂದಾಯಿಸಬೇಕು, ಅನುಮತಿಯಿಲ್ಲದವನ್ನು ಒಪ್ಪಿಸಬೇಕು ಎಂದು ವಿಧಿಸುವ ಕಾಯಿದೆಯನ್ನು ಹೊರಡಿಸಿತು. ಕನ್ನಡ ನಾಡಿನಲ್ಲಿ ಜನ ಅದನ್ನು ನಿಶ್ಶಸ್ತ್ರೀಕರಣದ ಕಾಯಿದೆ ಎಂದೇ ಕರೆದರು. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದ್ದು ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿ ಎಂಬ ಚಿಕ್ಕ ಊರಿನ ಬೇಡರು, ಬೇಟೆಯೇ ಬದುಕಾಗಿದ್ದವರು, ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಕುದುರೆ ಪಡೆ ಊರನ್ನು ಮುತ್ತಿ, ಮನೆಗಳಿಗೆ ಬೆಂಕಿಯಿಟ್ಟು, ಸಿಕ್ಕವರನ್ನು ಸೆರೆಹಿಡಿಯಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು, ಕೆಲವರನ್ನು ಮುಧೋಳದಲ್ಲಿ ಸಂತೆಯ ಜನರೆದುರು, ಉಳಿದವರನ್ನು ಅವರ ಊರಿನಲ್ಲಿಯೇ. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳನ್ನು ಉಳಿಸಿಕೊಟ್ಟದ್ದು ಸರ್ಕಾರದ ದಾಖಲೆಗಿಂತ ಹೆಚ್ಚಾಗಿ ಲಾವಣಿ. ಕರ್ನಾಟಕದ ಶಾಲಾ ಪಠ್ಯಕ್ಕೂ ಸೇರಿದ ಆ ಲಾವಣಿಯ ಮೂಲಕ ಆಯುಧದ ಕಾಯಿದೆಯ ಕಥೆಯನ್ನು ಎಷ್ಟೋ ಮಕ್ಕಳು ಓದಿದ್ದಾರೆ.

ಗುತ್ತಲ ಸೀಮೆಗೆ ಇನ್ನೂ ಹತ್ತಿರದಲ್ಲಿ, ತುಂಗಭದ್ರೆಯ ದಡದಲ್ಲೇ ಇರುವ ಹಮ್ಮಿಗಿಯಲ್ಲಿ, ಬಚ್ಚಿಟ್ಟ ಆಯುಧಗಳ ಸಂಗ್ರಹವೊಂದು ಸರ್ಕಾರದ ಕಣ್ಣಿಗೆ ಬಿದ್ದದ್ದು 1858ರ ಬೇಸಿಗೆಯಲ್ಲಿ ಮುಂಡರಗಿ ಭೀಮರಾಯನ ದಂಗೆ ಸ್ಫೋಟಿಸಲು ಒಂದು ಕಾರಣವಾಯಿತು. ಡಂಬಳದ ಖಜಾನೆಯನ್ನು ಲೂಟಿ ಮಾಡಿ ಕೊಪ್ಪಳದ ಕೋಟೆಯನ್ನು ಹಿಡಿದ ಭೀಮರಾಯ ಜೂನ್ 1ರಂದು ಅಲ್ಲಿಯೇ ಹೋರಾಡುತ್ತ ಮಡಿದನು. ಅದೇ ದಿನಗಳಲ್ಲಿ ನರಗುಂದದ ಅರಸ ಬಾಬಾಸಾಹೇಬ ಬಂಡೆದ್ದು ಬ್ರಿಟಿಷರ ರಾಜಕೀಯ ಅಧಿಕಾರಿ ಮ್ಯಾನ್ಸನ್ನನನ್ನು ಸುರಿಬಾನದಲ್ಲಿ ಕೊಂದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಕಾಯಿದೆ ಕೇಳಿದ್ದು ಕಬ್ಬಿಣವನ್ನು, ಆದರೆ ಜನ ಅದನ್ನು ಮಾನದ ಪ್ರಶ್ನೆಯಾಗಿ ಕೇಳಿಸಿಕೊಂಡರು. ಆಯುಧವನ್ನು ಎಲ್ಲರೆದುರು ಧರಿಸುತ್ತಿದ್ದವರು ಅದನ್ನು ಹುಲ್ಲಿನ ಬಣವೆಯಲ್ಲಿ, ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜದಲ್ಲಿ ಹೂಳಿಡಬೇಕಾದ ಸ್ಥಿತಿ ಬಂದದ್ದು ಈ ನಾಡಿನ ಇತಿಹಾಸದಲ್ಲಿ ಒಂದು ದೊಡ್ಡ ತಿರುವು. ಬಚ್ಚಿಡುವುದು ವಂಚಕನ ಲಕ್ಷಣವೆಂದು ಎಣಿಸುತ್ತಿದ್ದ ಸಮಾಜದಲ್ಲಿ ಮರ್ಯಾದಸ್ಥನೂ ಬಚ್ಚಿಡಬೇಕಾಯಿತು.

ಬಂಡಾಯದ ಬಿಸಿಯಲ್ಲಿ ತಂದ ತಾತ್ಕಾಲಿಕ ಕ್ರಮವನ್ನು ವೈಸರಾಯ್ ಲಿಟ್ಟನ್ನನ ಆಡಳಿತ 1878ರ ಆಯುಧ ಕಾಯಿದೆಯಾಗಿ ಗಟ್ಟಿಗೊಳಿಸಿತು. ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವುದು ಒಂದು ಅಪರಾಧವಾದರೆ, ಪರವಾನಗಿಯಿಲ್ಲದೆ ಆಯುಧ ಧರಿಸಿ ಓಡಾಡುವುದನ್ನು ಆ ಕಾಯಿದೆ ಪ್ರತ್ಯೇಕವಾಗಿ ನಿಷೇಧಿಸಿತು. ಯೂರೋಪಿಯನ್ನರಿಗೆ ಮತ್ತು ಸರ್ಕಾರ ಮೆಚ್ಚಿದ ಕೆಲವು ಗಣ್ಯರಿಗೆ ವಿನಾಯಿತಿಯಿತ್ತು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು 1887ರ ಮದರಾಸು ಅಧಿವೇಶನದಲ್ಲೇ ಈ ಕಾಯಿದೆಯನ್ನು ಸಡಿಲಿಸಬೇಕೆಂದು ಕೇಳಿದ್ದು, ಗಾಂಧೀಜಿ 1918ರಲ್ಲಿ ಒಂದು ಇಡೀ ಜನಾಂಗದ ಕೈಯಿಂದ ಆಯುಧ ಕಿತ್ತುಕೊಂಡದ್ದನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕೆಟ್ಟ ಕೃತ್ಯಗಳಲ್ಲಿ ಎಣಿಸಿದ್ದು, ಆಯುಧಕ್ಕಿಂತ ಮಿಗಿಲಾಗಿ ಆ ಕಾಯಿದೆಯಲ್ಲಿದ್ದ ಅಪನಂಬಿಕೆಯ ವಿರುದ್ಧ. ಅದೇ ಸರ್ಕಾರ ಕೊಡಗಿನಲ್ಲಿ ಬೇರೆಯಾಗಿ ನಡೆದುಕೊಂಡಿತು. 1861ರಲ್ಲಿ ಮುಖ್ಯ ಆಯುಕ್ತ ಮಾರ್ಕ್ ಕಬ್ಬನ್ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಭೂಮಿ ಅನುಭವಿಸುವವರಿಗೆ, ಆಗಿನ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿದು, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾಗಿ, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಎತ್ತಿಹಿಡಿಯಲ್ಪಟ್ಟಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರ ಮನೆಯ ತೋಕ್, ಅಂದರೆ ಕೋವಿ, ಹೂ ಮುಡಿದು ಎಲ್ಲರೆದುರು ನಿಲ್ಲುತ್ತದೆ. ಭೂಮಿಗೆ ಪ್ರತಿಯಾಗಿ ಸೇವೆ ಎಂಬ ಅದೇ ಕರಾರಿನ ಮೇಲೆ ನಿಂತಿದ್ದ ಗುತ್ತಲ ಸೀಮೆಯ ಶೇತಸನದಿಗೆ ಅಂಥ ಭಾಗ್ಯ ಸಿಗಲಿಲ್ಲ.

ಸ್ವಾತಂತ್ರ್ಯ ಹೋರಾಟದ ಕೊನೆಯ ಹಂತದಲ್ಲಿ ಈ ಪ್ರಶ್ನೆ ಗುತ್ತಲದಿಂದ ದೂರವಲ್ಲದ ಹೊಸರಿತ್ತಿಯಲ್ಲಿ ರಕ್ತದ ಬೆಲೆ ಕೇಳಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಬರಿಗೈಯಲ್ಲಿ ನಡೆದಿದ್ದ ಮೈಲಾರ ಮಹಾದೇವಪ್ಪ, ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಸಂಗಡಿಗರನ್ನು ಕಟ್ಟಿಕೊಂಡು ಸರ್ಕಾರದ ಆಡಳಿತವನ್ನು ನಿಲ್ಲಿಸುವ ಕೆಲಸಕ್ಕೆ ಇಳಿದಿದ್ದರು. ವರದಾ ನದಿಯ ದಡದ ಹೊಸರಿತ್ತಿಯಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು 1943ರ ಏಪ್ರಿಲ್ 1ರಂದು ಹೋದಾಗ ಪೊಲೀಸರ ಗುಂಡಿಗೆ ಮಹಾದೇವಪ್ಪನವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಡಿಗರೂ ಬಲಿಯಾದರು. ಗುಂಡಿನ ಮುಂದೆ ನಿಂತ ಆ ಮೂವರ ಹಿಂದೆ ಎಂಬತ್ತೈದು ವರ್ಷಗಳಿಂದ ಆಯುಧ ಕಳೆದುಕೊಂಡಿದ್ದ ಒಂದು ನಾಡು ಇತ್ತು ಎಂಬುದನ್ನು ಅವರ ತ್ಯಾಗದ ಬಗ್ಗೆ ಬರೆಯುವವರು ನೆನಪಿಡುವುದು ಅಗತ್ಯ.

ಸ್ವತಂತ್ರ ಭಾರತ ಈ ವಿಷಯದಲ್ಲಿ ಏನು ಮಾಡಬೇಕೆಂಬ ಚರ್ಚೆ ಸಂವಿಧಾನ ಸಭೆಯಲ್ಲಿ ನಡೆಯಿತು. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ್ದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು; ಮಂಗಳೂರು ಮೂಲದ ಸದಸ್ಯ ಎಚ್. ವಿ. ಕಾಮತ್ 1948ರ ಡಿಸೆಂಬರಿನಲ್ಲಿ ಅದನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಕೊನೆಗೆ ಸಂವಿಧಾನದ 19ನೇ ವಿಧಿಯಲ್ಲಿ ಆಯುಧದ ಮಾತು ಬಂದದ್ದು ಒಂದೇ ಕಡೆ, ಅದೂ ನಿಷೇಧದ ರೂಪದಲ್ಲಿ: ನಾಗರಿಕರಿಗೆ ಶಾಂತಿಯಿಂದ ಮತ್ತು ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕಿದೆ. ಪರಕೀಯ ಸರ್ಕಾರ ಭಯದಿಂದ ಹೇರಿದ್ದನ್ನು ಸ್ವತಂತ್ರ ಜನ ಯೋಚಿಸಿ, ಬೇರೆ ಕಾರಣಕ್ಕಾಗಿ, ತಾವೇ ಒಪ್ಪಿಕೊಂಡರು. ದೇಶ ವಿಭಜನೆಯ ನೆತ್ತರು ಇನ್ನೂ ಆರಿರದಿದ್ದ ಆ ದಿನಗಳಲ್ಲಿ ತೆಗೆದುಕೊಂಡ ಆ ನಿರ್ಧಾರ ಸರಿಯಾದದ್ದೇ ಆಗಿತ್ತು.

ಇಂದು ಜಾರಿಯಲ್ಲಿರುವುದು 1959ರ ಆಯುಧ ಕಾಯಿದೆ. ಇದರ ಕೆಳಗೆ ಕೋವಿಗೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯದು. ಹಾವೇರಿ ಪ್ರತ್ಯೇಕ ಜಿಲ್ಲೆಯಾದ 1997ರ ತನಕ ಈ ಸೀಮೆಯವರು ಅದಕ್ಕಾಗಿ ಧಾರವಾಡಕ್ಕೆ ಹೋಗಬೇಕಿತ್ತು. ಕಾಯಿದೆ ರೈತನನ್ನು ಮರೆತಿಲ್ಲ. ಬೆಳೆ ರಕ್ಷಣೆಗೆಂದು ನಳಿಕೆಯ ಬಾಯಿಂದ ಮದ್ದು ತುಂಬುವ ಹಳೆಯ ಬಗೆಯ ಕೋವಿಗೆ ಪರವಾನಗಿ ಕೊಡುವ ವಿಷಯದಲ್ಲಿ ಅದು ಇತರ ಆಯುಧಗಳಿಗಿಂತ ಸಡಿಲವಾಗಿದೆ. ಆದರೆ 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ವನ್ಯಧಾಮದ ಸುತ್ತಲಿನ ಗೋವಿನಜೋಳದ ಹೊಲಗಳಿಗೆ ನುಗ್ಗುವ ಕೃಷ್ಣಮೃಗಕ್ಕೆ ವನ್ಯಜೀವಿ ಕಾಯಿದೆಯ ಪೂರ್ಣ ರಕ್ಷಣೆಯಿರುವುದರಿಂದ, ಹೊಲದ ಬದುವಿನಲ್ಲಿ ಕುಳಿತ ರೈತನ ಕೋವಿ ಸದ್ದು ಮಾಡಿ ಹೆದರಿಸಲು ಮಾತ್ರ ಉಪಯೋಗಕ್ಕೆ ಬರುತ್ತದೆ. ಪಿಸ್ತೂಲು, ರಿವಾಲ್ವರುಗಳ ಪರವಾನಗಿ ಇನ್ನೂ ದುರ್ಲಭ. 1980ರ ದಶಕದ ಮಧ್ಯದಿಂದ ಖಾಸಗಿಯವರಿಗೆ ವಿದೇಶಿ ಆಯುಧಗಳ ಆಮದು ನಿಂತುಹೋದ ಮೇಲೆ, ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ ರಿವಾಲ್ವರುಗಳೇ ಪರವಾನಗಿದಾರರ ಮುಖ್ಯ ಆಸರೆಯಾದವು. ಒಬ್ಬ ವ್ಯಕ್ತಿ ಹೊಂದಬಹುದಾದ ಬೆಂಕಿಯಾಯುಧಗಳ ಮಿತಿಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು.

ಪರವಾನಗಿ ಪತ್ರದ ಷರತ್ತುಗಳಲ್ಲಿ ಒಂದು ಈ ಪ್ರಬಂಧದ ವಿಷಯಕ್ಕೆ ನೇರವಾಗಿ ಸೇರಿದೆ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅಪ್ಪಣೆಯಿಲ್ಲದೆ ಆ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಇತರ ಸಾರ್ವಜನಿಕ ಕೂಟಕ್ಕೆ ಅಥವಾ ಶಾಲೆ ಕಾಲೇಜುಗಳ ಆವರಣಕ್ಕೆ ಒಯ್ಯುವಂತಿಲ್ಲ ಎಂಬುದು ಆ ಷರತ್ತು. ಅಂದರೆ ಪರವಾನಗಿ ಇರುವವನೂ ಜಾತ್ರೆಯ ಮಟ್ಟಿಗೆ ಬರಿಗೈಯವನೇ. 2016ರ ಆಯುಧ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒಯ್ಯುವವರು ಅದನ್ನು ಅದಕ್ಕೆಂದೇ ಮಾಡಿದ, ಮೈಗೆ ಕಟ್ಟಿಕೊಳ್ಳುವ ಚರ್ಮದ ಒರೆಯಲ್ಲಿಯೋ ಅಂಥ ಬೇರೆ ಚೀಲದಲ್ಲಿಯೋ ಇಟ್ಟು, ಅದು ಪೂರ್ತಿಯಾಗಿ ಮುಚ್ಚಿರುವಂತೆಯೂ ತಮ್ಮ ಹಿಡಿತದಲ್ಲಿಯೇ ಇರುವಂತೆಯೂ ನೋಡಿಕೊಳ್ಳಬೇಕೆಂದು ವಿಧಿಸಿದವು. ಎತ್ತಿ ಝಳಪಿಸುವುದನ್ನು ನಿಷೇಧಿಸಿದವು. 2019ರ ತಿದ್ದುಪಡಿ ಮದುವೆ, ಮೆರವಣಿಗೆ, ದೇವಸ್ಥಾನಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸುವುದನ್ನು ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅರ್ಹವಾದ ಅಪರಾಧವನ್ನಾಗಿ ಮಾಡಿತು. ಸೊಂಟದ ಸುರಿಗೆಯನ್ನು ಕಲ್ಲಿನಲ್ಲಿ ಕೆತ್ತಿ ಮೆರೆಸಿದ ನಾಡಿನಲ್ಲಿ ತೋರಿಸುವುದೇ ಅಪರಾಧವಾಗಿ, ಮುಚ್ಚಿಡುವುದೇ ಸಭ್ಯತೆಯಾಗಿ ಮಾರ್ಪಟ್ಟದ್ದು ಹೀಗೆ. ಇದಕ್ಕೆ ಕಾರಣ ಜನರ ಸ್ವಭಾವಕ್ಕಿಂತ ಹೆಚ್ಚಾಗಿ ಆಯುಧದ ಸ್ವಭಾವ: ಸುರಿಗೆ ಕೈಗೆಟಕುವ ಒಬ್ಬನಿಗೆ ಮಾತ್ರ ಅಪಾಯ, ಪಿಸ್ತೂಲು ಕಣ್ಣಿಗೆ ಬೀಳುವ ಎಲ್ಲರಿಗೂ ಅಪಾಯ.

ಹೋಲಿಕೆಗಾಗಿ ಅಮೆರಿಕವನ್ನು ನೋಡಬಹುದು. ಅಲ್ಲಿ ಗನ್ ಶೋ ಎಂಬ ಸಂತೆಗಳು ವಾರಾಂತ್ಯಗಳಲ್ಲಿ ದೊಡ್ಡ ಸಭಾಂಗಣಗಳಲ್ಲಿ ನಡೆಯುತ್ತವೆ; ಮೇಜುಗಳ ಮೇಲೆ ಹರಡಿದ ಬಂದೂಕು, ಪಿಸ್ತೂಲುಗಳನ್ನು ಜನ ಎತ್ತಿ ನೋಡಿ, ಚೌಕಾಶಿ ಮಾಡಿ ಕೊಳ್ಳುತ್ತಾರೆ. ಉಡುಪಿನೊಳಗೆ ಪಿಸ್ತೂಲು ಮುಚ್ಚಿಟ್ಟುಕೊಂಡು ಓಡಾಡುವ ಅನುಮತಿ ಆ ದೇಶದ ಬಹಳಷ್ಟು ರಾಜ್ಯಗಳಲ್ಲಿ ಸುಲಭವಾಗಿ ಸಿಗುತ್ತದೆ, ಹಲವು ರಾಜ್ಯಗಳಲ್ಲಿ ಅನುಮತಿಯೇ ಬೇಕಿಲ್ಲ. ಹೀಗಿದ್ದರೂ ಅನೇಕ ಗನ್ ಶೋಗಳ ಬಾಗಿಲಲ್ಲಿ ಒಳಬರುವ ಪ್ರತಿಯೊಂದು ಆಯುಧದ ಗುಂಡುಗಳನ್ನು ತೆಗೆಸಿ, ಅದು ಹಾರದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ಆಯುಧ ಧರಿಸುವುದನ್ನು ಸಂವಿಧಾನದ ಹಕ್ಕೆಂದು ಎತ್ತಿಹಿಡಿಯುವ ಜನರೂ ಆಯುಧಗಳ ಸಂತೆಯೊಳಗೆ ತುಂಬಿದ ಕೋವಿಯನ್ನು ಬಯಸುವುದಿಲ್ಲ. ಮಹಾನವಮಿಯ ಬಾಗಿಲಲ್ಲಿ ಪಾಯಸ್ ಕಂಡ ಕಾವಲುಗಾರರಿಗೂ ಇವರಿಗೂ ಇರುವ ಅಂತರ ಕಾಲದ್ದು ಮಾತ್ರ.

ಗುತ್ತಲ ಸೀಮೆಯಲ್ಲಿ ಆಯುಧ ಜಾತ್ರೆಯಿಂದ ಪೂರ್ತಿ ಹೊರಗುಳಿದಿಲ್ಲ, ರೂಪ ಬದಲಿಸಿದೆ. ವೀರಭದ್ರನ ಜಾತ್ರೆಗಳಲ್ಲಿ ಪುರವಂತರು ಖಡ್ಗ ಹಿಡಿದು ಒಡಪು ಹೇಳುತ್ತ ಕುಣಿಯುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಗೆ, ನದಿಯಾಚೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಭಕ್ತರು ತಮ್ಮನ್ನು ದೇವರ ಏಳುಕೋಟಿ ಸೈನ್ಯದವರೆಂದೇ ಎಣಿಸಿಕೊಳ್ಳುತ್ತಾರೆ. ಗುತ್ತಲದ ಕಡೆಯ ಜನ ತುಂಗಭದ್ರೆಯನ್ನು ದಾಟಿ ಮೈಲಾರದ ಡೆಂಕನಮರಡಿಯಲ್ಲಿ ನೆರೆಯುತ್ತಾರೆ. ಉಪವಾಸವಿದ್ದ, ದೇವರ ಸೇವಕನಾದ ಗೊರವಯ್ಯ ಅಲ್ಲಿ ಎತ್ತರದ ಬಿಲ್ಲನ್ನೇರಿ ಸದ್ದಲೇ ಎಂದು ಕೂಗಿದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಮೌನವಾಗುತ್ತಾರೆ, ಅವನು ಆಡಿದ ಒಂದು ವಾಕ್ಯದ ಕಾರಣಿಕವನ್ನು, ಅಂದರೆ ಭವಿಷ್ಯವಾಣಿಯನ್ನು, ಆ ವರ್ಷದ ಮಳೆ ಬೆಳೆಗಳಿಗೆ ಹೊಂದಿಸಿ ನೋಡುತ್ತಾರೆ. ಆ ಬಿಲ್ಲಿಗೆ ಬಾಣವಿಲ್ಲ, ಪರವಾನಗಿಯೂ ಬೇಕಿಲ್ಲ.

ಈ ಇತಿಹಾಸಕ್ಕೆ ಆಧಾರವಾದ ವೀರಗಲ್ಲುಗಳಲ್ಲಿ ಅನೇಕವು ಇಂದು ಕೆರೆಯ ಏರಿಗಳಲ್ಲಿ, ಹಾಳುಬಿದ್ದ ಗುಡಿಗಳ ಹಿಂದೆ ಅರ್ಧ ಹೂತುಹೋಗಿವೆ. ಮಣ್ಣಿನ ಮಟ್ಟ ಏರಿದಂತೆ ಮೊದಲು ಮರೆಯಾಗುವುದು ಕೆಳಗಿನ ಪಟ್ಟಿಕೆ, ಅಂದರೆ ವೀರನ ಕಾಳಗ ಮತ್ತು ಅವನ ಸೊಂಟದ ಸುರಿಗೆ. ಗುತ್ತಲ ಸೀಮೆಯ ಗ್ರಾಮ ಪಂಚಾಯತಿಗಳೂ ಶಾಲೆಗಳೂ ತಮ್ಮ ಊರಿನ ಕಲ್ಲುಗಳನ್ನು ಬುಡದವರೆಗೆ ಬಿಡಿಸಿ, ಎತ್ತಿ ನಿಲ್ಲಿಸಿ, ಅವುಗಳ ಪಟ್ಟಿ ಮಾಡಿಡಬೇಕು.